ಮೂಗಿಗೆ ಹಿಡಿದ ಗಂಧದ ತುಂಡು

ಶಮೀಮಕ್ಕಾ, ಆ ಯುಗಾದಿಯ ಮಧ್ಯಾಹ್ನ ಗಂಧದ ತುಂಡನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ‘ಇದು ಅಪ್ಪಟ’ ಎಂದೆನಲ್ಲ — ನನಗೆ ಆಗ ಯಾವ ವಾಸನೆಯೂ ಬರುತ್ತಿರಲಿಲ್ಲ. ಗಂಧದ್ದೂ ಇಲ್ಲ, ಹಿಂದಿನ ಮೇಜಿನ ಮೇಲಿದ್ದ ಹೋಳಿಗೆಯದೂ ಇಲ್ಲ, ಪಕ್ಕದಲ್ಲೇ ನಿಂತಿದ್ದ ನಿಮ್ಮ ದುಪಟ್ಟಾದ ಅತ್ತರಿನದೂ ಇಲ್ಲ. ಅದಕ್ಕೆ ಎರಡು ವರ್ಷ ಮೊದಲೇ ನನ್ನ ಮೂಗು ಹೋಗಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಮಾತು ನಂಬಿ ನೀವು ಟೈಲರಿಂಗ್ ಅಂಗಡಿಗೆಂದು ಕೂಡಿಟ್ಟಿದ್ದನ್ನೆಲ್ಲ, ಕಣ್ಣಲ್ಲಿ ಕಾಣದ ದೇಶದ ಕಣ್ಣಲ್ಲಿ ಕಾಣದ ಮರಗಳಿಗೆ ಹಾಕಿದಿರಿ.

ಇಷ್ಟು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಫೋನಿನಲ್ಲಿ ಹೇಳಲು ಹೊರಟರೆ ನೀವು ನಡುವೆಯೇ ನನ್ನನ್ನು ಸಮಾಧಾನ ಮಾಡಲು ಶುರು ಮಾಡುತ್ತೀರಿ, ನಾನೂ ಬೇಗ ಸಮಾಧಾನವಾಗಿಬಿಡುತ್ತೇನೆ. ನನ್ನನ್ನು ನಾನು ಬಲ್ಲೆ. ಅದಕ್ಕೇ ಈ ಕಾಗದ.

ಮೈಸೂರಿನ ಊದುಬತ್ತಿ ಕಾರ್ಖಾನೆಯ ಕಥೆ ಹೇಳಿ ಹೇಳಿ ನಿಮ್ಮ ತಲೆ ತಿಂದಿದ್ದೇನೆ. ಆದರೂ ಇನ್ನೊಂದು ಸಲ ಕೇಳಿ, ಏಕೆಂದರೆ ಒಂದು ಸಂಗತಿಯನ್ನು ಬೇಕೆಂದೇ ಬಿಟ್ಟು ಹೇಳುತ್ತಿದ್ದೆ. ಹೆಂಚಿನ ಮಾಡಿನ ಉದ್ದನೆ ಕಟ್ಟಡ. ಮುಂದಿನ ಹಜಾರದಲ್ಲಿ ಹೆಂಗಸರು ಸಾಲಾಗಿ ಕೂತು ಬತ್ತಿ ಹೊಸೆಯುತ್ತಿದ್ದರು, ಹಿಂದೆ ಪುಟ್ಟದೊಂದು ಕೋಣೆ — ಅದೇ ನಮ್ಮ ಮಿಶ್ರಣದ ಕೋಣೆ. ಗಂಧ, ಲಾವಂಚ, ದವನ, ಸಾಂಬ್ರಾಣಿ, ಎಲ್ಲ ಗಾಜಿನ ಭರಣಿಗಳಲ್ಲಿ. ಬೆಳಗ್ಗೆ ಬಾಗಿಲು ತೆಗೆದ ಮೊದಲ ಕ್ಷಣದ ಆ ವಾಸನೆ — ಅದಕ್ಕೊಂದು ಹೆಸರು ಕೊಡಲು ಹನ್ನೊಂದು ವರ್ಷ ಪ್ರಯತ್ನಪಟ್ಟೆ, ಆಗಲಿಲ್ಲ. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಒಂದು ಕ್ಷಣ ತಿರುಗಿ ನೋಡುತ್ತಿದ್ದರು. ದೇವಸ್ಥಾನದಿಂದ ಬಂದೆಯಾ ಎಂದು ಮುದುಕಿಯರು ಕೇಳುತ್ತಿದ್ದರು. ಕೆಲಸದಿಂದ ಬಂದೆ ಎನ್ನುವಾಗ ನನಗಿದ್ದ ಜಂಬ ನನಗೇ ಗೊತ್ತು.

ಆ ಕೋಣೆಯ ಯಜಮಾನರು ರಾಮಯ್ಯ ಮೇಷ್ಟ್ರು. ಗಂಧದ ತುಂಡು ಬಂದರೆ ಮೊದಲು ಮೇಲಿನ ಪದರ ಕೆತ್ತಿ ತೆಗೆಯಬೇಕು, ಆಮೇಲೆ ಸಾಣೆಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು, ಅಂಗೈಗಲ್ಲ, ಕೈಯ ಹಿಂಬದಿಗೆ ಹಚ್ಚಬೇಕು, ಒಣಗುವವರೆಗೆ ಬಾಯಿ ಬಿಡಬಾರದು — ಎಲ್ಲ ಅವರು ಕಲಿಸಿದ್ದು. ಇದನ್ನೆಲ್ಲ ನಿಮಗೆ ಹೇಳಿದ್ದೇನೆ. ಹೇಳದೆ ಬಿಟ್ಟದ್ದು ಇದು: ನಮ್ಮಲ್ಲಿ ಯಾರಿಗಾದರೂ ನೆಗಡಿಯಾದರೆ ಬಾಗಿಲಲ್ಲೇ ನಿಂತು ‘ಇವತ್ತು ನನಗೆ ಮೂಗಿಲ್ಲ, ಮೇಷ್ಟ್ರೇ’ ಎನ್ನಬೇಕಿತ್ತು. ಅಂದರೆ ಸಾಕು, ಆ ದಿನ ಹಜಾರದಲ್ಲಿ ಪ್ಯಾಕಿಂಗಿಗೆ ಕೂರಿಸುತ್ತಿದ್ದರು. ಸಂಬಳ ಕಡಿಯುತ್ತಿರಲಿಲ್ಲ, ಯಾರೂ ನಗುತ್ತಿರಲಿಲ್ಲ. ಮೇಷ್ಟ್ರೇ ಎಷ್ಟೋ ಸಲ ಮಫ್ಲರ್ ಸುತ್ತಿಕೊಂಡು ಹೆಂಗಸರ ನಡುವೆ ಕೂತು ಪೊಟ್ಟಣ ಕಟ್ಟುತ್ತಿದ್ದರು. ಆ ಮಾತನ್ನು ನಾನೂ ಹಲವು ಸಲ ಆಡಿದ್ದೇನೆ. ಎಷ್ಟು ಸಲೀಸಾಗಿ ಬರುತ್ತಿತ್ತು.

ಆಕ್ಲೆಂಡಿಗೆ ಬಂದ ಮೊದಲ ಚಳಿಗಾಲದಲ್ಲಿ, ಗೋಡೆಯೆಲ್ಲ ಬೂಷ್ಟು ಹಿಡಿದ ಆ ಬಾಡಿಗೆ ಮನೆಯಲ್ಲಿ, ನನಗೆ ಜ್ವರ ಬಂತು. ಜ್ವರ ಹೋಯಿತು, ಮೂಗು ವಾಪಸು ಬರಲಿಲ್ಲ. ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದರು ಡಾಕ್ಟರು. ಈಸ್ಟ್ ತಮಾಕಿಯ ಸೋಪಿನ ಕಾರ್ಖಾನೆಯಲ್ಲಿ ಸುವಾಸನೆಯ ವಿಭಾಗಕ್ಕೆ ಇಂಟರ್‌ವ್ಯೂಗೆ ಕರೆದಿದ್ದರಲ್ಲ — ಒಂದೊಂದು ಪರಿಮಳದಲ್ಲಿ ಅದ್ದಿದ ಆರು ಕಾಗದದ ಪಟ್ಟಿ ಕೈಗೆ ಕೊಟ್ಟು ಯಾವುದು ಏನು ಎಂದು ಕೇಳಿದರು. ಆರೂ ಬರೀ ಕಾಗದ ನನಗೆ. ಹೊರಗೆ ಬಂದು ‘ಇಲ್ಲಿನ ಎಕ್ಸ್‌ಪೀರಿಯೆನ್ಸ್ ಬೇಕಂತೆ’ ಎಂದು ಎಲ್ಲರಿಗೂ ಹೇಳಿದೆ. ಅದನ್ನು ಎಲ್ಲರೂ ಒಂದಲ್ಲ ಒಂದು ಕಡೆ ಕೇಳಿಸಿಕೊಂಡವರೇ, ಸುಲಭವಾಗಿ ನಂಬಿದರು. ಅದೇ ಕಾರ್ಖಾನೆಯಲ್ಲಿ ಬಾಟಲಿಗೆ ಲೇಬಲ್ ಹಚ್ಚುವ ಕೆಲಸ ಸಿಕ್ಕಿತು. ನೀವು ಮಾತ್ರ ಹೋದಲ್ಲೆಲ್ಲ ‘ಇಂಥಾ ಮೂಗಿನಾಕಿನ ಲೇಬಲ್ ಹಚ್ಚಾಕ ಕುಂಡ್ರಿಸ್ಯಾರ ನೋಡ್ರಿ’ ಎಂದು ಜಗಳಕ್ಕೆ ನಿಲ್ಲುತ್ತಿದ್ದಿರಿ. ಅದನ್ನು ಕೇಳಲು ನನಗೆ ಎಷ್ಟು ಹಿತವಾಗುತ್ತಿತ್ತು ಎಂದರೆ — ಇರಲಿ.

ಮನೆಯಲ್ಲಿ, ಕಟ್ಟಿಕೊಂಡ ಗಂಡ ರಘುವಿಗೂ ಗೊತ್ತಾಗಲಿಲ್ಲ. ಮೂಗು ಕಟ್ಟಿದೆ ಎಂದಿದ್ದೆ, ಆಮೇಲೆ ಬಿಟ್ಟಿತು ಎಂದೆ. ಒಲೆಯ ಮೇಲಿನ ಹಾಲು ಸೀಯದಂತೆ ಅದರ ಮುಂದೆ ಅಲ್ಲಾಡದೆ ನಿಲ್ಲುವುದನ್ನು ಕಲಿತೆ. ಒಗ್ಗರಣೆಯನ್ನು ಬಣ್ಣ ನೋಡಿ ಇಳಿಸುವುದನ್ನು ಕಲಿತೆ. ಕಳ್ಳತನಕ್ಕೂ ಒಂದು ಶಿಸ್ತು ಬೇಕು ನೋಡಿ.

ಹಾಗಿರುವಾಗ ಅವನು ಬಂದ. ಕ್ರೈಸ್ಟ್‌ಚರ್ಚ್ ಭೂಕಂಪವಾಗಿ ಒಂದೆರಡು ವರ್ಷ ಕಳೆದಿತ್ತು. ಅವನ ಹೆಸರು ಬರೆಯಲು ಮನಸ್ಸಿಲ್ಲ. ನಮ್ಮ ಭಾಷೆ ಆಡುವವನು, ದೊಡ್ಡವರಿಗೆ ಬಗ್ಗಿ ನಮಸ್ಕರಿಸುವವನು. ಪೆಸಿಫಿಕ್‌ನ ಒಂದು ಪುಟ್ಟ ದ್ವೀಪದೇಶದಲ್ಲಿ ಶ್ರೀಗಂಧದ ತೋಪು, ಒಬ್ಬೊಬ್ಬರಿಗೆ ಇಂತಿಷ್ಟು ಮರ, ಪ್ರತಿ ಮರಕ್ಕೂ ನಂಬರು, ಹನ್ನೆರಡು ವರ್ಷಕ್ಕೆ ಕಟಾವು. ಪೇಪರಿನಲ್ಲಿ ಜಾಹೀರಾತು ಕೊಡುವುದಿಲ್ಲ, ಪರಿಚಯದವರಿಗೆ ಮಾತ್ರ ಎಂದ. ಆ ‘ಮಾತ್ರ’ಕ್ಕೇ ನಾವೆಲ್ಲ ಕರಗಿದ್ದು. ಎಣ್ಣೆ ಬಾವಿಯನ್ನೋ ತಾಮ್ರದ ಗಣಿಯನ್ನೋ ತೋರಿಸಿದ್ದರೆ ನಮ್ಮವರು ನೂರು ಪ್ರಶ್ನೆ ಕೇಳುತ್ತಿದ್ದರು, ಇಂಜಿನಿಯರುಗಳೇ ಅಲ್ಲವೇ ಹೆಚ್ಚಿನವರು. ಗಂಧ ಎಂದ ಕೂಡಲೇ ಎಲ್ಲರಿಗೂ ಮನೆಯ ದೇವರ ಗೂಡು ನೆನಪಾಯಿತು, ಪ್ರಶ್ನೆಗಳು ನಿಂತವು. ಉಳಿದದ್ದು ಒಂದೇ ಪ್ರಶ್ನೆ, ಮರ ನಿಜವಾದದ್ದೇ? ಅದಕ್ಕೆ ನಾನಿದ್ದೆನಲ್ಲ.

ನೀವೇ ಅವನಿಗೆ ಹೇಳಿದಿರಿ, ನಮ್ಮ ಸುಮಿತ್ರಾ ಮೈಸೂರಾಗ ಇದ ಕೆಲಸ ಮಾಡಾಕಿ ಇದ್ಲು, ಆಕಿ ನೋಡ್ಲಿ ಅಂತ. ಯುಗಾದಿಯ ಊಟ ಮುಗಿದ ಮೇಲೆ ಸಮುದಾಯ ಭವನದಲ್ಲಿ ಮೇಜು ಹಾಕಿದರು. ನಾನು ಮನೆಯಿಂದ ಅಜ್ಜಿಯ ಸಾಣೆಕಲ್ಲು ತಂದಿದ್ದೆ. ಗೊತ್ತಿದ್ದೂ ತಂದಿದ್ದೆ, ಅಕ್ಕಾ. ಹಿಂದಿನ ದಿನವೇ ‘ನನ್ನಿಂದ ಆಗಲ್ಲ’ ಎನ್ನಬಹುದಿತ್ತು. ಆದರೆ ನನ್ನ ಹಸಿರು ಮೈಸೂರು ಸಿಲ್ಕಿಗೆ ಇಸ್ತ್ರಿ ಹಾಕುತ್ತ ಕೂತಿದ್ದೆ.

ಅವನು ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ತುಂಡು ಕೊಟ್ಟ. ನಾನು ಚಾಕು ಕೇಳಿದೆ, ಸ್ಯಾಂಪಲ್ ಕೆಡುತ್ತೆ ಮೇಡಂ ಎಂದ. ಸುಮ್ಮನಾದೆ. ಮೇಲಿನ ಪದರ ಕೆತ್ತದೆ ತೇದೆ. ಬಣ್ಣ ಸ್ವಲ್ಪ ಬಿಳಿಚಿದಂತಿತ್ತು, ಎಳೆಯ ಮರವಿರಬಹುದು ಎಂದುಕೊಂಡೆ. ಎಲ್ಲರೂ ಎದ್ದು ಬಂದು ಸುತ್ತ ನಿಂತಿದ್ದರು. ಈ ದೇಶಕ್ಕೆ ಬಂದ ಮೇಲೆ ನನಗೆ ಗೊತ್ತಿರುವುದನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನಿಮ್ಮ ಕೈ ಹಿಂಬದಿಗೆ ಹಚ್ಚಿದೆ, ನನ್ನದಕ್ಕೂ ಹಚ್ಚಿಕೊಂಡೆ. ತುಂಡನ್ನೂ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಉಸಿರು ಎಳೆದೆ. ಮೂಗಿಗೆ ಏನೂ ಬರಲಿಲ್ಲ, ಮಿಶ್ರಣದ ಕೋಣೆ ಬಂತು. ಭರಣಿಗಳು, ಮೇಷ್ಟ್ರ ಮಫ್ಲರು, ಬೆಳಗಿನ ಬಾಗಿಲು. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಎಲ್ಲರೂ ಗಂಧದ ಮಹಿಮೆ ಎಂದುಕೊಂಡರು.

ಆಗ ನೀವು ಮೆಲ್ಲಗೆ ಕೇಳಿದಿರಿ. ಬೇರೆ ಯಾರಿಗೂ ಕೇಳಿಸಲಿಲ್ಲ.

“ಸುಮಿತ್ರಾ, ಸ್ವಲ್ಪ ಸೆಂಟ್ ಹೊಡದಂಗ ವಾಸನಿ ಬರಾಕತ್ತೈತಲ್ಲ? ನನಗೇನ್ ತಿಳೀತೈತಿ, ನೀ ಹೇಳು. ನೀ ಹೂಂ ಅಂದ್ರ ಹೂಂ, ಉಹೂಂ ಅಂದ್ರ ಉಹೂಂ.”

“ಎಳೇ ಮರ ಹಾಗೇ ಇರುತ್ತೆ ಅಕ್ಕಾ,” ಅಂದೆ. “ಇದು ಅಪ್ಪಟ.”

ಇಡೀ ಭವನದಲ್ಲಿ ಸರಿಯಾದ ಮೂಗು ನಿಮ್ಮದೊಂದೇ ಇತ್ತು. ಅದರ ಬಾಯಿ ನಾನು ಮುಚ್ಚಿಸಿದೆ. ಗೊತ್ತಿಲ್ಲದೆ ಹೌದು ಎಂದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಡುತ್ತದೆ.

ಇನ್ನೊಂದಿದೆ. ಇದನ್ನು ಬರೆಯದೆ ಬಿಟ್ಟರೆ ಈ ಕಾಗದವೂ ಒಂದು ನಾಟಕವಾಗುತ್ತದೆ. ಮನೆಗೆ ಹೋಗುವಾಗ ಕಾರಿನಲ್ಲಿ ರಘು, ನಾವೂ ಒಂದಷ್ಟು ಮರ ತಗೊಳೋಣ ಎಂದ. ಬೇಡ ಎಂದೆ. ನೀನೇ ಅಪ್ಪಟ ಅಂದ್ಯಲ್ಲ ಎಂದ. ಹನ್ನೆರಡು ವರ್ಷ ಯಾರು ಕಾಯ್ತಾರೆ ಎಂದು ಮಾತು ತೇಲಿಸಿದೆ. ನನ್ನ ಮನೆಯ ದುಡ್ಡಿನ ವಿಷಯ ಬಂದಾಗ ನನ್ನ ಮೂಗಿನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಮಾರನೇ ವಾರ ಟೈಲರಿಂಗಿಗೆಂದು ನೋಡಿಟ್ಟಿದ್ದ ಆಲ್ಬನಿಯ ಆ ಮಳಿಗೆ ಬೇಡ ಎಂದು ನೀವು ಹೇಳಿ ಬಂದಿರಿ. ಗಾಜಿನ ಬಾಗಿಲು, ಟ್ರಯಲ್ ರೂಮಿಗೆ ಜಾಗ, ಬಸ್ ಸ್ಟೇಷನ್ನಿನಿಂದ ಐದು ನಿಮಿಷ. ಪರದೆ ಯಾವ ಬಣ್ಣ ಎಂದು ನಾವಿಬ್ಬರೂ ಹೋಗಿ ಬಟ್ಟೆ ಕೂಡ ನೋಡಿದ್ದೆವು. ನನಗೆ ಗೊತ್ತಾಯಿತು, ನಾನು ಸುಮ್ಮನಿದ್ದೆ.

ಮುಂದಿನದ್ದು ನಿಮಗೇ ಗೊತ್ತು. ಮರಗಳ ಫೋಟೊ ಬರುತ್ತಿದ್ದದ್ದು ನಿಂತಿತು, ಆಮೇಲೆ ಉತ್ತರ ಬರುತ್ತಿದ್ದದ್ದೂ ನಿಂತಿತು. ಆ ಜಾಗ ಅಲ್ಲಿನ ಊರವರೆಲ್ಲರಿಗೂ ಸೇರಿದ ನೆಲ, ಅವರನ್ನು ಯಾರೂ ಒಂದು ಮಾತು ಕೇಳಿಯೇ ಇರಲಿಲ್ಲ ಎಂದು ತಿಳಿಯಿತು. ನಿಮ್ಮ ಯಜಮಾನರು ಭೂಕಂಪದ ನಂತರದ ಕಟ್ಟಡ ಕೆಲಸ ಹುಡುಕಿಕೊಂಡು ಕ್ರೈಸ್ಟ್‌ಚರ್ಚಿಗೆ ಹೋದರು, ಹಿಂದೆಯೇ ನೀವು ಹೊಲಿಗೆ ಮಷಿನ್ ಕಟ್ಟಿಕೊಂಡು ಹೊರಟಿರಿ. ಈಗ ಅಲ್ಲಿಯ ರಿಕ್ಕರ್ಟನ್ನಿನ ಮನೆಯ ಗ್ಯಾರೇಜಿನಲ್ಲಿ, ಕಾಲ ಬಳಿ ಹೀಟರ್ ಇಟ್ಟುಕೊಂಡು, ಬೇರೆಯವರ ಪ್ಯಾಂಟಿನ ಜಿಪ್ಪು ಬದಲಿಸುತ್ತೀರಿ. ಹೊರಡುವ ದಿನ ನನ್ನ ಕೈ ಹಿಡಿದು ನೀವು ಅಂದದ್ದು: “ಮರ ಖರೇನ ಇತ್ತು, ಮಂದಿ ಸುಳ್ಳ ಇದ್ರು. ಅದಕ್ಕ ನೀ ಏನ್ ಮಾಡಾಕ ಬರ್ತಿತ್ತು?” ಆಗಲೂ ಬಾಯಿ ಬಿಡಲಿಲ್ಲ ನಾನು.

ಆ ತುಂಡನ್ನು ಅವನು ನನಗೇ ಉಡುಗೊರೆ ಕೊಟ್ಟಿದ್ದ. ದೇವರ ಗೂಡಿನಲ್ಲಿಡಲು ಕೈ ಬಾರದೆ ಬೀರುವಿನಲ್ಲಿಟ್ಟಿದ್ದೆ. ಹೋದ ತಿಂಗಳು ಮಗಳು ಅನಘಾ ಏನೋ ಹುಡುಕುವಾಗ ಸಿಕ್ಕಿತು. ನಿಜವಾದ ಗಂಧದ ತಿರುಳು ಎಷ್ಟು ವರ್ಷ ಕಳೆದರೂ ಕೆತ್ತಿದರೆ ಘಮಘಮ ಎನ್ನುತ್ತದೆ. ಅವಳ ಕೈಗೆ ಚಾಕು ಕೊಟ್ಟೆ, ಕೆತ್ತಿ ಮೂಸಿ ನೋಡು ಎಂದೆ. ಒಂದು ಪದರ ಕೆತ್ತಿದಳು, ಎರಡು ಪದರ ಕೆತ್ತಿದಳು.

“ನಥಿಂಗ್, ಅಮ್ಮಾ. ಜಸ್ಟ್ ವುಡ್.” ಆಮೇಲೆ ನನ್ನ ಮುಖ ನೋಡಿ, “ವೈ ಡೋಂಟ್ ಯೂ ಸ್ಮೆಲ್ ಇಟ್?” ಎಂದಳು.

ಮೊದಲ ಸಲ ಹೇಳಿದೆ, ನನಗೆ ಮೂಗಿಲ್ಲ ಅಂತ. ಹದಿಮೂರರ ಹುಡುಗಿ, ಅವಳು ಚಾಕು ಕೆಳಗಿಟ್ಟು ನನ್ನ ಪಕ್ಕ ಬಂದು ಕೂತಳು. ಸಂಜೆ ರಘುವಿಗೂ ಹೇಳಿದೆ. ಅವನು ‘ಶಮೀಮಕ್ಕನಿಗೆ?’ ಎಂದು ಮಾತ್ರ ಕೇಳಿದ.

ನೀವು ಪ್ರತಿ ರಂಜಾನ್ ಹಬ್ಬಕ್ಕೆ ಹುಬ್ಬಳ್ಳಿಯಿಂದ ತರಿಸಿದ ಅತ್ತರಿನ ಪುಟ್ಟ ಸೀಸೆ ಕಳಿಸುತ್ತೀರಿ, ಲೇಬಲ್ಲಿನ ಮೇಲೆ ಬಿಳಿ ಕಾಗದ ಅಂಟಿಸಿ, ಯಾವುದು ಹೇಳು ಎಂದು ಪಂಥ ಕಟ್ಟಿ. ಪ್ರತಿ ವರ್ಷ ನಾನು ಸರಿಯಾಗಿ ಹೇಳುತ್ತಿದ್ದೆ — ಕೇದಗೆ, ಖಸ್, ಹೋದ ವರ್ಷ ಮಣ್ಣಿನ ಅತ್ತರು. ಫೋನಿನಲ್ಲಿ ನೀವು ಕುಣಿದಾಡುತ್ತಿದ್ದಿರಿ. ಕುದಿಯುವ ನೀರಿನ ಹಬೆಗೆ ಹಿಡಿದು ಆ ಕಾಗದ ಕೀಳುತ್ತಿದ್ದೆ, ಅಕ್ಕಾ. ಲೇಬಲ್ ಹಚ್ಚುವ ಕೆಲಸದವಳಿಗೆ ಲೇಬಲ್ ಬಿಡಿಸುವುದು ಎಷ್ಟರ ಮಾತು.

ನಿಮ್ಮ ಅಂಗಡಿಯನ್ನು ಈ ಕಾಗದ ವಾಪಸು ತರುವುದಿಲ್ಲ, ಗೊತ್ತಿದೆ. ಮುಂದಿನ ಶನಿವಾರ ನಾನೂ ರಘುವೂ ರಿಕ್ಕರ್ಟನ್ನಿಗೆ ಬರುತ್ತಿದ್ದೇವೆ. ಅಂದು ಮರಕ್ಕೆ ಹಾಕದೆ ಉಳಿಸಿಕೊಂಡ ನಮ್ಮ ದುಡ್ಡಿನಲ್ಲಿ ನಿಮಗೆ ಎಷ್ಟು ಸೇರಬೇಕು ಎಂದು ನೀವೇ ಹೇಳಬೇಕು. ಬಾಗಿಲು ತೆಗೆಯುವುದೋ ಬೇಡವೋ ಎನ್ನುವುದನ್ನೂ ನೀವೇ ತೀರ್ಮಾನಿಸಿ. ತೆಗೆಯದಿದ್ದರೆ ಅದನ್ನು ಯಾರ ಮುಂದೆಯೂ ಆಡುವುದಿಲ್ಲ.

ಈ ವರ್ಷದ ಸೀಸೆ ನನ್ನ ಮುಂದೆ ಮೇಜಿನ ಮೇಲಿದೆ. ಬಿಳಿ ಕಾಗದ ಹಾಗೇ ಇದೆ, ಕಿತ್ತಿಲ್ಲ. ಬಿರಡೆ ತೆಗೆದು ಮೂಗಿಗೆ ಹಿಡಿದೆ, ಕಣ್ಣು ಮುಚ್ಚದೆ. ಯಾವುದು ಹೇಳು ಎಂದು ಕೇಳಿದ್ದೀರಿ. ನನಗೆ ಗೊತ್ತಿಲ್ಲ, ಅಕ್ಕಾ. ಆವತ್ತೂ ಗೊತ್ತಿರಲಿಲ್ಲ.