ಲತಾಮಣಿಯ ‘ರೈಟ್’

ಬಸ್ ಕಂಡಕ್ಟರಾಗಿ ನಿವೃತ್ತಳಾದ ಲತಾಮಣಿ ಸೋಮವಾರ ಹುಲಿಕೆರೆಯ ಕಲ್ಯಾಣಿಯಲ್ಲಿ ಕಳೆ ಕೀಳುತ್ತಾಳೆ, ಬುಧವಾರ ಗೆಳತಿಯರೊಡನೆ ಚೌಕಾಬಾರ ಆಡುತ್ತಾಳೆ, ಶನಿವಾರ ಹಳೇಬೀಡಿನ ದೇವಸ್ಥಾನವನ್ನು ಪ್ರವಾಸಿಗರಿಗೆ ತೋರಿಸುತ್ತಾಳೆ. ಶಿಲ್ಪ ನೋಡುತ್ತ ನಿಂತವರಿಗೂ “ಮುಂದಕ್ಕೋಗ್ರೀ, ಜಾಗ ಐತೆ” ಎನ್ನುವ ಚಾಳಿ ಬಿಟ್ಟಿಲ್ಲ. ಬಸ್ಸು ಹೊರಡಿಸುವಂತೆ ಇನ್ನೊಮ್ಮೆ ‘ರೈಟ್’ ಎಂದರೆ ಶನಿವಾರದ ಕೆಲಸ ಕೊಡುವುದಿಲ್ಲವೆಂದು, ಅಲ್ಲಿನ ಗೈಡ್‌ಗಳ ಉಸ್ತುವಾರಿ ನೋಡುವ ನಾನು ಎಚ್ಚರಿಸಿದ್ದೆ.

ಮೊನ್ನೆ ಗಂಡಸಿ ಊರಿನಿಂದ ಬಸ್ಸು ಮಾಡಿಕೊಂಡು ಬಂದ ಹೆಂಗಸರಿಗೆ ಎಲ್ಲವನ್ನೂ ತೋರಿಸಿ ಗೇಟಿಗೆ ಬಂದವಳು ಖುಷಿಯಲ್ಲಿ “ರೈಟ್, ರೈಟ್!” ಎಂದು ಕೂಗಿಬಿಟ್ಟಳು. ಹೊರಗೆ ತೂಕಡಿಸುತ್ತಿದ್ದ ಡ್ರೈವರ್ ಅಭ್ಯಾಸಬಲದಿಂದ ಖಾಲಿ ಬಸ್ಸನ್ನೇ ಹೊರಡಿಸಿದ.

“ಅಯ್ಯೋ, ನಮ್ ಬಸ್ಸು ಕಣಕ್ಕಾ!”

“ಹೋಲ್ಡಾನ್!” ಎಂದಳು ಲತಾಮಣಿ. ಬಸ್ಸು ಗಕ್ಕನೆ ನಿಂತಿತು. ಹೆಂಗಸರು ಬಿದ್ದು ಬಿದ್ದು ನಕ್ಕರು.

“ಮೇಡಂ, ನನ್ ಶನಿವಾರ ಹೋಯ್ತಾ?” ಎಂದು ಅವಳು ಗೇಟಿನಲ್ಲೇ ನಿಂತಿದ್ದ ನನ್ನನ್ನು ಕೇಳಿದಳು.

ನನಗೂ ನಗು ತಡೆಯಲಾಗಲಿಲ್ಲ. “ಇಲ್ಲ, ಬಾರಮ್ಮ. ರೈಟ್!”