ಬೆರಳಚ್ಚಿನ ಗಾಜಿಗೆ ಕುಂಕುಮ

ನಾನು ಎಸ್ಸೆಸ್ಸೆಲ್ಸಿ ಓದಿದವನು. ಹುಣಸೂರಿನ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದೆ. ಗಂಟೆ ಹೊಡೆಯುವುದು, ಟ್ಯಾಂಕಿಗೆ ನೀರು ಬಿಡುವುದು, ಹಾಜರಿ ಪುಸ್ತಕಗಳನ್ನು ಕ್ಲಾಸಿಗೆ ಹೊರುವುದು ನನ್ನ ಕೆಲಸ. ಮಿಸ್ಡ್ ಕಾಲ್ ಕೊಡುವುದೇ ದೊಡ್ಡಸ್ತಿಕೆಯಾಗಿದ್ದ ಆ ಕಾಲದಲ್ಲಿ ನಮ್ಮ ಆಡಳಿತ ಮಂಡಳಿಗೆ ಜ್ಞಾನೋದಯವಾಯಿತು. ಇನ್ನು ಮುಂದೆ ಕಾಲೇಜು ತನ್ನನ್ನು ತಾನೇ ನೋಡಿಕೊಳ್ಳುತ್ತದಂತೆ. ಮೆಷಿನ್ನುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ, ಮನುಷ್ಯರು ಸುಮ್ಮನಿದ್ದರೆ ಸಾಕು.

ಗಂಟೆ ತಾನೇ ಹೊಡೆದುಕೊಳ್ಳತೊಡಗಿತು. ಕರೆಂಟು ಹೋದಾಗ ಅದರ ಗಡಿಯಾರವೂ ನಿಲ್ಲುತ್ತಿದ್ದುದರಿಂದ ಊಟದ ಗಂಟೆ ಮನೆಗೆ ಹೋಗುವ ಹೊತ್ತಿಗೆ ಹೊಡೆಯುತ್ತಿತ್ತು. ಟ್ಯಾಂಕು ತುಂಬಿದರೆ ಮೋಟರು ತಾನೇ ನಿಲ್ಲುತ್ತದೆ ಎಂದರು. ನಿಂತಿದೆಯೋ ಇಲ್ಲವೋ ನೋಡಲು ನಾನು ಏಣಿ ಹತ್ತುತ್ತಿದ್ದೆ. ಎಲ್ಲಕ್ಕಿಂತ ದೊಡ್ಡ ದೇವರು ಬಾಗಿಲ ಬಳಿಯ ಹೆಬ್ಬೆರಳಿನ ಮೆಷಿನ್ನು. ಅದರ ಗಾಜಿನ ಮೇಲೆ ಬೆರಳಿಟ್ಟು ಹಸಿರು ದೀಪ ಬಂದರೆ ಹಾಜರು, ಕೆಂಪು ಬಂದರೆ ಗೈರು. ಲೆಕ್ಕವೆಲ್ಲ ಫೋನ್ ತಂತಿಯಲ್ಲಿ ಮೈಸೂರಿನ ಕಂಪ್ಯೂಟರಿಗೆ. ಹಾಜರಿ ಪುಸ್ತಕಗಳನ್ನು ರದ್ದಿಗೆ ಹಾಕಿ, ನನ್ನನ್ನು ಮೆಷಿನ್ನಿನ ಪಕ್ಕ ಸ್ಟೂಲ್ ಮೇಲೆ ಕೂರಿಸಿದರು.

ಗಾಜಿಗೆ ಒಣಬಟ್ಟೆ ಬಿಟ್ಟು ಬೇರೇನೂ ತಾಗಿಸಬೇಡಿ ಎಂದು ಮೈಸೂರಿನ ಮೆಕ್ಯಾನಿಕ್ ಎರಡೆರಡು ಸಲ ಹೇಳಿ ಹೋಗಿದ್ದ. ಆಯುಧಪೂಜೆ ಬಂತು. ಜೀಪಿಗೆ, ಟೈಪ್‌ರೈಟರಿಗೆ, ಪೊರಕೆಗೆ ಕೂಡ ಪೂಜೆ ಮಾಡಿದವನು ಇದೊಂದನ್ನು ಬಿಡುವುದುಂಟೇ? ಹಣೆಯಂತೆ ಕಾಣುತ್ತಿದ್ದುದು ಆ ಗಾಜೊಂದೇ. ಗಂಧ ತೇಯ್ದು ಬಳಿದೆ, ನಡುವೆ ರೂಪಾಯಿಯಗಲ ಕುಂಕುಮ ಇಟ್ಟೆ. ರಜೆ ಮುಗಿಸಿ ಬಂದು ನೋಡಿದರೆ ಒಣಗಿ ಅಂಟಿಕೊಂಡಿತ್ತು. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಹೋಗದ್ದನ್ನು ಉಗುರಿನಲ್ಲಿ ಕೆರೆದೆ. ಗಾಜು ಮಂಕಾಯಿತು. ನಾನು ಬಾಯಿ ಬಿಡಲಿಲ್ಲ.

ನುಣುಪು ಬೆರಳಿನವರು ಎರಡು ಮೂರು ಸಲ ಒತ್ತಿ ಪಾರಾದರು. ಪಿರಿಯಾಪಟ್ಟಣದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿಗೆ ಮಾತ್ರ ದಿನವೂ ಕೆಂಪು ದೀಪ. ಕೊನೇ ವರ್ಷದ ಬಿ.ಎ. ಬೆಳಗಿನ ಜಾವ ಮನೆಯಲ್ಲಿ ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟಿ ಬರುತ್ತಿದ್ದಳು. ಸೊಪ್ಪಿನ ಅಂಟು ಹತ್ತಿ ಬೆರಳು ಕಪ್ಪಗಿದ್ದವು. ಆದರೆ ಹಬ್ಬಕ್ಕೆ ಮುಂಚೆ ಅದೇ ಕಪ್ಪು ಬೆರಳಿಗೆ ಹಸಿರು ದೀಪ ಬರುತ್ತಿತ್ತು. ಅದು ನನಗೆ ಗೊತ್ತಿತ್ತು.

ಪ್ರಿನ್ಸಿಪಾಲರು ಕರೆದು ಕೇಳಿದರು, "ಏನಯ್ಯಾ, ಈ ಹುಡುಗೀದು ಹಾಜರಿ ಯಾಕೆ ಬೀಳ್ತಿಲ್ಲ?"

"ವಗೆಸೊಪ್ಪಿನ ಅಂಟು ಸಾ. ಬೆರಳ್ನಾಗೆ ಗೆರೇನೇ ಇಲ್ಲ. ಮೆಷಿನ್ನು ತಾನೇ ಏನ್ ಮಾಡಾದು?"

ಅವರಿಗೆ ತೃಪ್ತಿಯಾಯಿತು. ಯಂತ್ರದ ಮರ್ಯಾದೆ ಉಳಿಯಿತಲ್ಲ.

ಅವಳು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಅಧ್ಯಾಪಕರು ಪ್ರಶ್ನೆ ಕೇಳುತ್ತಿದ್ದರು, ಅವಳು ಉತ್ತರ ಹೇಳುತ್ತಿದ್ದಳು. ಮೈಸೂರಿನ ಕಂಪ್ಯೂಟರ್ ಪ್ರಕಾರ ಆ ಜಾಗ ಖಾಲಿ. ಇಲ್ಲದವಳಿಂದ ಉತ್ತರ ಕೇಳಿಸಿಕೊಳ್ಳುವ ವಿದ್ಯಾವಂತರನ್ನು ನಾನು ಆಗಲೇ ನೋಡಿದ್ದು. ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ನೋಟಿಸ್ ಹಾಕಿದ ದಿನ ಅವಳು ನನ್ನ ಸ್ಟೂಲಿನ ಹತ್ತಿರ ಬಂದಳು. ಬೆರಳನ್ನು ನಿಂಬೆಹಣ್ಣು, ಸೀಮೆಎಣ್ಣೆ, ಇಟ್ಟಿಗೆ ಚೂರು ಎಲ್ಲದರಲ್ಲೂ ತಿಕ್ಕಿದ್ದಳು. ತುದಿಯಲ್ಲಿ ರಕ್ತ ಒಸರಿತ್ತು.

"ಅಣ್ಣಾ, ನಾನು ದಿನಾ ಬರಾದ್ನ ನೀವೇ ನೋಡಿದ್ದೀರಿ. ಸಾಹೇಬ್ರಿಗೆ ಒಂದ್ ಮಾತು ಹೇಳಿ."

"ಕಂಪ್ಯೂಟರ್ ಮುಂದೆ ನನ್ ಮಾತು ಯಾವ ಲೆಕ್ಕ ಕಣವ್ವಾ?"

"ಈ ವರ್ಷ ಹೋದ್ರೆ ಅಪ್ಪ ಮತ್ತೆ ಕಳ್ಸಾಕಿಲ್ಲ."

ನಾನು ಒಣಬಟ್ಟೆ ತೆಗೆದು ಗಾಜು ಒರೆಸತೊಡಗಿದೆ. ಹಾಲ್ ಟಿಕೆಟ್ ಬರಲಿಲ್ಲ. ಅವಳೂ ಮತ್ತೆ ಬರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಮೆಕ್ಯಾನಿಕ್ ಬಂದು ಮೆಷಿನ್ನು ಬಿಚ್ಚಿದ. ಸಂದಿನಿಂದ ಕುಂಕುಮ ಉದುರಿತು. "ಯಾರ್ರೀ ಇದಕ್ಕೆ ಮದುವೆ ಮಾಡಿದ್ದು?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಗಾಜು ಬದಲಾಯಿತು, ಹುಡುಗಿಯ ಹೆಸರನ್ನು ಯಾರೂ ಎತ್ತಲಿಲ್ಲ.

ಮೂರು ವರ್ಷ ಕಳೆದ ಮೇಲೆ ಹೆಗ್ಗಡದೇವನಕೋಟೆ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಗುರುತು ಹಿಡಿದು ಮಾತಾಡಿಸಿದಳು. ಅಲ್ಲಿಗೇ ಮದುವೆಯಾಗಿತ್ತು, ಕಂಕುಳಲ್ಲಿ ಮಗು. "ಚೆಂದಾಗಿದ್ದೀರಾ ಅಣ್ಣಾ? ನನ್ ಬೆರಳೇ ಸರಿಯಿರ್ನಿಲ್ಲ. ನೀವಾದ್ರೂ ಏನ್ ಮಾಡೀರಿ ಬುಡಿ" ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಗಂಧ, ಕುಂಕುಮ, ಕೆರೆದದ್ದು, ಸುಳ್ಳು ಹೇಳಿದ್ದು ಎಲ್ಲವನ್ನೂ ನಿಂತಲ್ಲೇ ಒಪ್ಪಿಸಿದೆ.

"ಅವತ್ತು ಯಾಕೆ ಹೇಳ್ನಿಲ್ಲ?"

"ಕೆಲ್ಸ ಹೋದಾತು ಅಂತ ಹೆದ್ರುಕೊಂಡೆ ಕಣವ್ವಾ."

"ನಾನು ಇಷ್ಟ್ ದಿನಾನೂ ನನ್ ಕೈನೇ ಬೈಕತಿದ್ದೆ" ಎಂದಳು. ಬಸ್ಸು ಬಂತು. ಕೈಚೀಲ ಎತ್ತಿಕೊಡಲು ಹೋದೆ. ಅವಳು ಕೊಡಲಿಲ್ಲ. ಮಗುವನ್ನೂ ಚೀಲವನ್ನೂ ತಾನೇ ಹಿಡಿದು ಹತ್ತಿದಳು.