ಪ್ರಮಾಣವಚನದ ಮೈಕು

ನನ್ನ ಗಂಡನನ್ನು ಊರೆಲ್ಲ ಮೈಕಣ್ಣ ಎಂದು ಕರೆಯುತ್ತದೆ. ಯಾರೇ ಮುಖ್ಯಮಂತ್ರಿಯಾಗಲಿ, ಪ್ರಮಾಣವಚನಕ್ಕೆ ಮೈಕು ಮಾತ್ರ ನಮ್ಮ ಅಂಗಡಿಯದೇ. ಸರ್ಕಾರ ಬಿತ್ತು ಎಂಬ ಸುದ್ದಿ ಬಂದರೆ ಬೇರೆಯವರ ಮನೆಯಲ್ಲಿ ವಾದ ಶುರುವಾಗುತ್ತದೆ, ನಮ್ಮ ಮನೆಯಲ್ಲಿ ವೈರು ಬಿಡಿಸುವುದು ಶುರುವಾಗುತ್ತದೆ. ಮಗಳು ಹುಟ್ಟಿದ ದಿನವೂ ಒಂದು ಸರ್ಕಾರ ಹೋಗಿ ಇನ್ನೊಂದು ಬಂತು. ಅಪ್ಪ ಅನ್ನಿಸಿಕೊಂಡವರು ಆಸ್ಪತ್ರೆಗೆ ಬಂದದ್ದು ಹೊಸ ಮಂತ್ರಿಮಂಡಲ ಚಹಾ ಕುಡಿದು ಎದ್ದ ಮೇಲೆ. ಆ ಸಿಟ್ಟು ನನಗೆ ಇನ್ನೂ ಇದೆ, ಇರಲಿ.

ಈ ಕೆಲಸ ನಮ್ಮ ಮಾವನವರ ಕಾಲದಿಂದ ಬಂದದ್ದು. ಆಗ ಪ್ರಮಾಣವಚನವೆಂದರೆ ರಾಜ್ಯಪಾಲರ ಬಂಗಲೆಯ ಒಂದು ಹಜಾರ, ಗೋಡೆಗುಂಟ ಕುರ್ಚಿಗಳು, ರೇಡಿಯೋದವರಿಗೊಂದು ಮೈಕು. ಮುಖ್ಯಮಂತ್ರಿಗಳು ಓದಿ, ಸಹಿ ಹಾಕಿ, ನಡೆದುಕೊಂಡೇ ಕಚೇರಿಗೆ ಹೋಗುತ್ತಿದ್ದರಂತೆ. ಆಮೇಲೆ ಒಬ್ಬರು ಬಂದರು. ಓಟು ಹಾಕಿದವರು ಗೇಟಿನ ಹೊರಗೆ, ಪ್ರಮಾಣ ಒಳಗೆ, ಇದ್ಯಾವ ನ್ಯಾಯ ಎಂದು ಹಟ ಹಿಡಿದು ಮೈದಾನದಲ್ಲೇ ವೇದಿಕೆ ಹಾಕಿಸಿದರು. ಅಂದಿನಿಂದ ನಮ್ಮ ವೈರು ಉದ್ದವಾಯಿತು.

ಇವರು ಕೂರುವುದು ವೇದಿಕೆಯ ಪಕ್ಕ, ಪರದೆಯ ಹಿಂದೆ, ಆಂಪ್ಲಿಫೈಯರಿನ ಮುಂದೆ. ಅಲ್ಲಿಗೆ ಯಾರ ಮುಖವೂ ಕಾಣುವುದಿಲ್ಲ, ದನಿ ಮಾತ್ರ ಬರುತ್ತದೆ. ಹಾಗಾಗಿ ಮುಖ್ಯಮಂತ್ರಿಗಳ ಚರಿತ್ರೆಯೆಲ್ಲ ಇವರಿಗೆ ಕಿವಿಯಿಂದಲೇ ಗೊತ್ತು. ರಾಜ್ಯಪಾಲರು ‘ನಾನು’ ಎಂದು ಎತ್ತಿಕೊಟ್ಟು ಸುಮ್ಮನಾಗುತ್ತಾರೆ, ಮುಂದಿನದನ್ನು ಹೊಸಬರು ಹಿಡಿದುಕೊಳ್ಳಬೇಕು.

"ಒಬ್ರು ಆ ‘ನಾನು’ ಹೇಳೋಕೇ ಮೂರು ಸಲ ಕೆಮ್ಮಿದ್ರು, ಐದು ವರ್ಷ ಪೂರ್ತಿ ಕೂತ್ರು. ಇನ್ನೊಬ್ರು ಸ್ಪೀಕರ್ ಹರಿದು ಹೋಗೋ ಹಾಗೆ ಹೇಳಿದ್ರು. ಬಹುಮತ ತೋರಿಸೋ ದಿನ ಸದನಕ್ಕೆ ಹೋಗೋ ಮೊದ್ಲೇ ರಾಜೀನಾಮೆ," ಎಂದು ಊಟಕ್ಕೆ ಕೂತಾಗ ಶುರು ಮಾಡುತ್ತಾರೆ. ಮೂರು ಪಕ್ಷ ಸೇರಿ ಗೆಲ್ಲಿಸಿದ ಒಬ್ಬರ ದನಿಯಂತೂ ಬರುವುದು ಹೋಗುವುದು ಮಾಡುತ್ತಿತ್ತಂತೆ. "ಮೈಕ್ ಕೆಟ್ಟಿರ್ಲಿಲ್ಲ ಕಣೇ. ಜೊತೆಯವರು ಇದಾರೋ ಎದ್ದುಹೋದ್ರೋ ಅಂತ ಪಕ್ಕಕ್ಕೆ ತಿರುಗಿ ತಿರುಗಿ ನೋಡ್ತಿದ್ರು."

ಇಂಥ ಮನುಷ್ಯನಿಗೆ ಕಳೆದ ವರ್ಷ ಕಿವಿಯೇ ಕೈಕೊಟ್ಟಿತು. ದಪ್ಪ ದನಿ ಕೇಳುತ್ತದೆ, ಸಣ್ಣ ದನಿ ಕೇಳುವುದಿಲ್ಲ. ಕುಕ್ಕರ್ ಕೂಗಿ ಕೂಗಿ ಸುಸ್ತಾದರೂ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿರುತ್ತಾರೆ. "ಕೇಳಿಸ್ಲಿಲ್ವೇನ್ರೀ?" ಎಂದರೆ, "ಕೇಳಿಸ್ತು, ಏನೋ ಯೋಚ್ನೆ ಮಾಡ್ತಿದ್ದೆ," ಎನ್ನುವರು. ಯಾರು ಏನು ಹೇಳಿದರೂ ತಲೆಯಾಡಿಸುವುದೊಂದೇ. ಒಂದು ಶಾಲೆಯ ಕಾರ್ಯಕ್ರಮದಲ್ಲಿ ಮೈಕು ‘ಕುಂಯ್’ ಎಂದು ಕಿರುಚಿದಾಗ ಹೆಡ್‌ಮಾಸ್ಟರು ಕಿವಿ ಮುಚ್ಚಿಕೊಂಡರು, ಇವರು ಹಾಯಾಗಿ ಕೂತಿದ್ದರು. ಊರೆಲ್ಲ ಟಿವಿ ನೋಡುವ ಪ್ರಮಾಣವಚನದಲ್ಲಿ ಹಾಗಾದರೆ ಅಂಗಡಿಗೂ ಬೀಗ, ಇವರ ಮರ್ಯಾದೆಗೂ ಬೀಗ.

ಅಷ್ಟರಲ್ಲಿ ಚುನಾವಣೆ ಮುಗಿಯಿತು. ಗೆದ್ದ ಪಕ್ಷದ ಶಾಸಕರು ಸೇರಿ ಹಿಂದೆ ಟೀಚರ್ ಆಗಿದ್ದ ಹೆಣ್ಣುಮಗಳೊಬ್ಬರನ್ನು ನಾಯಕಿಯಾಗಿ ಆರಿಸಿದರು. ಆ ಹುದ್ದೆಗೆ ಹೆಂಗಸೊಬ್ಬರು ಬರುತ್ತಿದ್ದುದು ಅದೇ ಮೊದಲು.

"ಈ ಸಲ ಬೇರೆಯವರಿಗೆ ಬಿಟ್ಟುಬಿಡಿ," ಎಂದೆ.

"ಯಾಕೆ, ನನಗೇನಾಗಿದೆ?"

ನಾನು ಹಿಂದೆ ಹೋಗಿ ನಿಂತು, "ಅಡುಗೆಮನೆಗೆ ಬೆಂಕಿ ಬಿದ್ದಿದೆ," ಎಂದು ಮೆಲ್ಲಗೆ ಹೇಳಿದೆ.

"ಆಯ್ತು, ಹಾಗೇ ಮಾಡು," ಎಂದರು.

ಆದರೂ ಒಪ್ಪಿಕೊಳ್ಳಬೇಕಲ್ಲ. ರಾತ್ರಿ ಮಲಗುವ ಮುಂಚೆ ಗೋಡೆಯ ಕಡೆ ತಿರುಗಿಕೊಂಡು, "ನಿನಗೂ ನೋಡೋ ಆಸೆ ಇದ್ರೆ ಬಾ. ಬಂದು ಸುಮ್ನೆ ಯಾಕೆ ಕೂರ್ತೀಯ, ಮೈಕ್ ಕಿರುಚಿದ್ರೆ ನನ್ನ ಭುಜ ಒತ್ತು, ಸೌಂಡ್ ಇಳಿಸ್ತೀನಿ," ಎಂದರು. ನನಗೆ ನಗು ಬಂತು, ಕರುಳೂ ಚುರ್ ಎಂದಿತು.

ಆ ದಿನ ಪರದೆಯ ಹಿಂದೆ ಇವರ ಬೆನ್ನಿಗೆ ಅಂಟಿಕೊಂಡು ಕೂತೆ. ಮೈದಾನ ತುಂಬಿತ್ತು. ಪರೀಕ್ಷೆ ಮಾಡುವಾಗ ಎರಡು ಸಲ ಕುಂಯ್ ಎಂದಿತು, ಎರಡು ಸಲವೂ ಒತ್ತಿದೆ, ಇವರು ಇಳಿಸಿದರು, ಸರಿಹೋಯಿತು. ರಾಜ್ಯಪಾಲರು ‘ನಾನು’ ಎಂದರು. ಆಯಮ್ಮ ಹಾಜರಿಗೆ ಉತ್ತರ ಕೊಡುವಷ್ಟು ಸಹಜವಾಗಿ ಹಿಡಿದುಕೊಂಡರು. ಭಯ ಅಥವಾ ಪಕ್ಷಪಾತವಿಲ್ಲದೆ, ರಾಗ ಅಥವಾ ದ್ವೇಷವಿಲ್ಲದೆ, ಎಲ್ಲ ಜನರಿಗೂ ನ್ಯಾಯ ಮಾಡುತ್ತೇನೆ ಎಂಬಲ್ಲಿಗೆ ಬಂದರು. ಇಷ್ಟು ವರ್ಷ ಗಂಡನನ್ನು ಮನೆಯಿಂದ ಎಳೆದೊಯ್ಯುತ್ತಿದ್ದ ಆ ಮಾತುಗಳ ಮೇಲೆ ನನಗಿದ್ದದ್ದು ಹೊಟ್ಟೆಕಿಚ್ಚು ಮಾತ್ರ. ಅಂದು ಒಂದು ಹೆಣ್ಣುದನಿಯಲ್ಲಿ ಕೇಳಿ ಮೈ ಜುಮ್ಮೆಂದಿತು. ಗೊತ್ತಿಲ್ಲದೆ ಇವರ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟೆ.

ಇವರು ಸೌಂಡ್ ಇಳಿಸಿದರು. ದನಿ ಸಣ್ಣಗಾಯಿತು. ನಾನು ಹೆದರಿ ಇನ್ನೂ ಬಿಗಿಯಾಗಿ ಹಿಡಿದೆ. ಇವರು ಪೂರ್ತಿ ಇಳಿಸಿಬಿಟ್ಟರು.

ಆಯಮ್ಮ ನಿಲ್ಲಿಸಲಿಲ್ಲ. ಕೊನೆಯ ಬೆಂಚಿಗೆ ಪಾಠ ಮಾಡುವವರ ಹಾಗೆ ಗಂಟಲೆತ್ತಿ ಓದಿದರು. ಮೈದಾನ ಉಸಿರು ಬಿಗಿಹಿಡಿದು ಕೇಳಿತು. ಅವರು ಸಹಿ ಹಾಕಿದಾಗ ಬಿದ್ದ ಚಪ್ಪಾಳೆಗೆ ನಮ್ಮ ಪರದೆ ಅಲುಗಿತು.

ಅಧಿಕಾರಿಯೊಬ್ಬರು ಉರಿದುಕೊಂಡು ಓಡಿಬಂದರು. "ಏನಿದು ಮೈಕಣ್ಣ, ನಮ್ಮ ಮಾನ ತೆಗೀಬೇಕು ಅಂತಿದೀರಾ?"

ಇವರು ಹೆಡ್‌ಫೋನ್ ತೆಗೆದು ಎದ್ದು ನಿಂತರು. "ನನಗೆ ಕಿವಿ ಸರಿಯಾಗಿ ಕೇಳಿಸಲ್ಲ ಸಾರ್. ವರ್ಷ ಆಯ್ತು. ಯಾರಿಗೂ ಹೇಳಿರ್ಲಿಲ್ಲ."

ಆ ಮಾತಿಗಾಗಿ ವರ್ಷವಿಡೀ ಜಗಳವಾಡಿದ್ದೆ. ಈಗ ಕೇಳಿದರೆ ಅಳು ಬಂತು. "ಕಿವಿ ತಪ್ಪಲ್ಲ ಸಾರ್, ನನ್ನ ಕೈದೇ ತಪ್ಪು," ಎಂದು ನಡೆದದ್ದನ್ನೆಲ್ಲ ಹೇಳಿದೆ. ಬೈಯಲು ಬಂದವರು ಬಾಯಿ ಮುಚ್ಚಿಕೊಂಡು ನಕ್ಕರು.

"ಸರಿ, ಮುಂದಿನ ಸಲ ಇಲ್ಲಿ ಯಾರಮ್ಮ ಕೂರೋದು?"

"ನಾನೇ ಕೂರ್ತೀನಿ. ಅವರು ವೈರು ನೋಡ್ಕೋತಾರೆ."

ಇವರು ಹೆಡ್‌ಫೋನನ್ನು ನನ್ನ ಕೈಗಿಟ್ಟರು.

ಜನ ಕರಗಿದ ಮೇಲೆ ವೈರು ಸುತ್ತುತ್ತಿದ್ದವರು ತಟ್ಟನೆ ನಿಲ್ಲಿಸಿದರು. "ಎಲ್ಲರದ್ದೂ ಕೇಳಿದೀನಿ. ಈಯಮ್ಮನದೇ ಪೂರ್ತಿ ಕೇಳಲಿಲ್ಲ ನೋಡು," ಎಂದರು. ನಾನು ಇವರನ್ನು ಆಂಪ್ಲಿಫೈಯರಿನ ಮುಂದೆ ಕೂರಿಸಿ, ಹೆಡ್‌ಫೋನ್ ಹಾಕಿ, ಸೌಂಡ್ ಏರಿಸಿ, ವೇದಿಕೆ ಹತ್ತಿದೆ. ಮೈಕಿನ ಮುಂದೆ ನಾನು ಹುಟ್ಟಿದಾಗಿನಿಂದ ನಿಂತವಳಲ್ಲ. ಟಿವಿಯಲ್ಲಿ ಕೇಳಿ ಕೇಳಿ ಬಾಯಿಗೆ ಬಂದಿದ್ದ ಪ್ರಮಾಣವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕಸ ಗುಡಿಸುತ್ತಿದ್ದ ಹೆಂಗಸರು ಪೊರಕೆ ಹಿಡಿದೇ ನಿಂತರು.

ಪರದೆ ಸರಿಯಿತು. ಇವರು ಒಂದು ಕೈಯಲ್ಲಿ ಹೆಡ್‌ಫೋನ್ ಒತ್ತಿಹಿಡಿದು ಇಣುಕಿದರು.

"ಮಧ್ಯದ್ದು ಕೇಳಿಸ್ಲಿಲ್ಲ ಕಣೇ. ಇನ್ನೊಂದು ಸಲ ಹೇಳು."

ಒಂದು ವರ್ಷದಲ್ಲಿ ಇವರ ಬಾಯಿಂದ ‘ಇನ್ನೊಂದು ಸಲ ಹೇಳು’ ಎಂಬ ಮಾತು ಬಂದದ್ದು ಅದೇ ಮೊದಲು. ನಾನು ಮತ್ತೆ ಹೇಳಿದೆ, ನಿಧಾನವಾಗಿ.